ಮುಖ ನೋಡದ ಇಸಡೋರ್ ಭಾವ

ನಮ್ಮ ಇಸಡೋರ್ ಭಾವ ಯಾವ ಫೋಟೋವನ್ನೂ ಮೇಲಿನಿಂದ ಕೆಳಕ್ಕೆ ನೋಡಿದವರಲ್ಲ. ಉಳಿದವರೆಲ್ಲ ಕನ್ನಡಕ ಸರಿಮಾಡಿಕೊಂಡು ಮುಖ ಹುಡುಕುತ್ತಿದ್ದರೆ, ಅವರು ಪಟವನ್ನು ಮೇಜಿನ ಅಂಚಿಗೆ ಎಳೆದುಕೊಂಡು, ತಮ್ಮ ಅಗಲವಾದ ಅಂಗೈಯಿಂದ ಅದರ ಮೇಲರ್ಧವನ್ನು ಮುಚ್ಚಿ, ಮೊದಲು ಪಾದಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. ಚರ್ಮದ ಮೆಟ್ಟಿನ ಮೇಲಿನ ಮಣಿಗೆಲಸ ಯಾವ ಮನೆಯ ಹೆಂಗಸಿನ ಕೈಯದು, ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಏಕೆ ಹೆಚ್ಚು ಸವೆದಿದೆ, ನಿಂತವನು ಹುಟ್ಟಾ ಸವಾರನೋ ಅಥವಾ ಪಟಕ್ಕೆಂದು ಕುದುರೆಯ ಪಕ್ಕ ನಿಲ್ಲಿಸಿದ ಆಸಾಮಿಯೋ, ಇದೆಲ್ಲ ಇತ್ಯರ್ಥವಾದ ಮೇಲೆಯೇ ಆ ಅಂಗೈ ಮೊಣಕಾಲಿಗೆ, ಸೊಂಟಕ್ಕೆ, ಮಡಿಲಲ್ಲಿಟ್ಟ ಕೈಗಳಿಗೆ ಸರಿಯುತ್ತಿತ್ತು. ಮುಖ ಬಯಲಾಗುವ ಹೊತ್ತಿಗೆ ಹೆಸರು ಅವರ ನಾಲಗೆಯ ಮೇಲೆ ಬಂದು ಕೂತಿರುತ್ತಿತ್ತು. ಬೆರಳು ಮಾಡಿ ತೋರಿಸುವುದು ನಮ್ಮಲ್ಲಿ ಅಸಭ್ಯ, ಭಾವ ತುಟಿಗಳನ್ನು ಮುಂದೆ ಚಾಚಿ ಪಟದ ಕಡೆ ತೋರಿಸಿ, "ಇವನು ಮುಖಂಡರ ಎರಡನೇ ಮಗ. ಬರ್ಕೊಳ್ಳಿ, ಮುಗೀತು" ಎನ್ನುತ್ತಿದ್ದರು. ನಮ್ಮ ಕಾಡುಪ್ಲಮ್ ಹಳ್ಳದ ದಂಡೆಯ ಊರಿನಲ್ಲಿ ಆ "ಬರ್ಕೊಳ್ಳಿ, ಮುಗೀತು" ಎಂಬ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಅವರು ನನ್ನ ಅಕ್ಕ ಡೆಲ್ಫೀನಳ ಗಂಡ. ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರಲ್ಲಿ ಭಾವ-ಮೈದುನರು ಒಬ್ಬರನ್ನೊಬ್ಬರು ರೇಗಿಸದೆ ಎರಡು ದಿನ ಕಳೆದರೆ, ಏನೋ ಮನಸ್ತಾಪವಾಗಿದೆ ಎಂದು ಊರಿಗೆ ಊರೇ ಚಿಂತಿಸತೊಡಗುತ್ತದೆ. ನಾನು ಶಾಲಾ ಮಾಸ್ತರನಾದದ್ದು ಅವರಿಗೆ ಜೀವಮಾನಕ್ಕೆ ಸಾಲುವಷ್ಟು ಸರಕು ಒದಗಿಸಿತ್ತು. "ಏನಯ್ಯಾ ಭಾಮೈದ, ಇವತ್ತೂ ಸೀಮೆಸುಣ್ಣ ಎತ್ತಿ ಎತ್ತಿ ಸುಸ್ತಾಯ್ತಾ?" ಎಂದು ದಾರಿಯಲ್ಲಿ ಹತ್ತು ಜನರ ಮುಂದೆ ಕೇಳುವರು. ನಾನೂ ಬಿಡುತ್ತಿರಲಿಲ್ಲ. ಹಿಂದಿನ ಮಹಾಯುದ್ಧದಿಂದ ಮರಳುವಾಗ ತೊಟ್ಟುಬಂದ ಹಸಿರು ಕೋಟನ್ನು ಅವರು ಧಗಧಗಿಸುವ ಆಗಸ್ಟಿನಲ್ಲೂ ಕಳಚುತ್ತಿರಲಿಲ್ಲ, "ಭಾವ, ಯುದ್ಧ ಮುಗೀತು ಅಂತ ನಿಮಗೆ ಯಾರೂ ಹೇಳಲೇ ಇಲ್ವಾ?" ಎಂದು ನಾನು ಕೇಳುತ್ತಿದ್ದೆ. ಪುಂಡಕುದುರೆ ಪಳಗಿಸುವ ಪಂದ್ಯವೊಂದರಲ್ಲಿ ಸೊಂಟ ಮುರಿದುಕೊಂಡ ಮೇಲೆ ಎಡಗಾಲನ್ನು ಅರ್ಧಚಂದ್ರಾಕಾರವಾಗಿ ಬೀಸಿ ನಡೆಯುವ ಅವರ ನಡಿಗೆಯಲ್ಲಿ ಎಂಥದೋ ಗಾಂಭೀರ್ಯವಿತ್ತು. ಗೇಟು ತೆರೆದು ಒಳಗೆ ಬರುತ್ತಿರುವುದು ಕುಂಟನೋ ರಾಜನೋ ಎಂದು ಹೊಸಬರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಿದ್ದರು.

ಇಷ್ಟು ಬಾಯಿಬಡುಕನಾದ ಮನುಷ್ಯ ಒಬ್ಬರ ಮುಂದೆ ಮಾತ್ರ ಮೂಕ. ಅದು ನನ್ನ ತಾಯಿ. ಅಳಿಯನಾದವನು ಅತ್ತೆಯ ಮುಖ ನೋಡಕೂಡದು, ನೇರ ಮಾತಾಡಕೂಡದು, ಅತ್ತೆಯೂ ಅಷ್ಟೇ. ಇದು ಹಗೆಯಲ್ಲ, ಗೌರವದ ಪರಾಕಾಷ್ಠೆ ಎನ್ನುತ್ತಿದ್ದರು ನಮ್ಮ ಹಿರಿಯರು. ನನ್ನ ತಲೆಮಾರಿನ ಅನೇಕರು ಇದನ್ನು ಅರ್ಧಂಬರ್ಧ ಪಾಲಿಸಿ ಕೈಬಿಟ್ಟರು. ಭಾವ ಕೂದಲೆಳೆಯಷ್ಟೂ ಸಡಿಲಿಸಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಕ್ಕನ ಮನೆಯಲ್ಲೇ ಉಳಿದಳು. ಒಂದೇ ಸೂರು, ಒಂದೇ ಒಲೆ. ಅವಳು ಒಳಗೆ ಬರುವ ಮುನ್ನ ಬಾಗಿಲಲ್ಲಿ ಕೆಮ್ಮುವಳು, ಇವರು ಗೋಡೆಯ ಕಡೆ ಮುಖ ತಿರುಗಿಸಿ ಕೂರುವರು. "ಸೌದೆ ಮುಗೀತು ಅಂತ ಅವನಿಗೆ ಹೇಳು" ಎಂದು ಅವಳು ಅಕ್ಕನಿಗೆ ಹೇಳುವಳು. "ತಂದು ಹಾಕಿದೀನಿ ಅಂತ ಹೇಳು" ಎಂದು ಇವರು ಅದೇ ಕೋಣೆಯ ಇನ್ನೊಂದು ಮೂಲೆಯಿಂದ ಅಕ್ಕನಿಗೇ ಹೇಳುವರು. ಅಕ್ಕ ಮನೆಯಲ್ಲಿಲ್ಲದ ದಿನ ಆ ದೌತ್ಯ ನಾಯಿಗೆ ಬೀಳುತ್ತಿತ್ತು. "ಏ ನಾಯಿ, ಯಾರಾದ್ರೂ ಆ ಕಿಟಕಿ ಸರಿಮಾಡಿದ್ರೆ ನನ್ನ ಮಂಡಿಗೆ ಚಳಿ ಹೊಡೆಯಲ್ಲ" ಎಂದು ಅಮ್ಮ ಗೊಣಗುವಳು. ಸಂಜೆಯೊಳಗೆ ಕಿಟಕಿ ಸರಿಯಾಗಿರುತ್ತಿತ್ತು. ಅವಳ ಕೊನೆಯ ಕಾಯಿಲೆಯಲ್ಲಿ ಹಿಮದಲ್ಲಿ ಹೂತುಹೋದ ದಾರಿಯನ್ನು ಸಲಿಕೆಯಿಂದ ಬಿಡಿಸಿ ಬಿಡಿಸಿ ಆಸ್ಪತ್ರೆಗೆ ಗಾಡಿ ಓಡಿಸಿದವರು ಇವರೇ. ಹಿಂದಿನ ಸೀಟಿನಲ್ಲಿದ್ದ ಅವಳು ಕಾಣಬಾರದೆಂದು ಎದುರಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡಿದ್ದರು. ಸತ್ತಾಗ ಹೆತ್ತ ಮಗನಾದ ನನಗಿಂತ ಹೆಚ್ಚು ಅತ್ತವರೂ ಇವರೇ.

ಆಮೇಲೆ ಬಹಳ ವರ್ಷಕ್ಕೆ ಆ ಫೋಟೋಗಳು ಬಂದವು. ನನ್ನ ತಾಯಿಯ ತಂದೆ, 'ಮರಳಿ ಬಂದ ಗಿಡುಗ' ಎಂಬ ಹೆಸರಿನ ಮುಖಂಡರು, ನಮ್ಮ ಪಂಗಡವನ್ನು ಈ ಹಳ್ಳದ ದಂಡೆಗೆ ತಂದು ನೆಲೆ ನಿಲ್ಲಿಸಿದವರು. ಅವರ ಸಂಸಾರದ ಪಟಗಳನ್ನು ಯಾರೋ ಅಲೆಮಾರಿ ಛಾಯಾಗ್ರಾಹಕ ತೆಗೆದಿದ್ದನಂತೆ. ಅವನ ಮೊಮ್ಮಕ್ಕಳು ಅಟ್ಟದಲ್ಲಿ ಸಿಕ್ಕ ಪೆಟ್ಟಿಗೆಯನ್ನು ನಮ್ಮ ಪಂಗಡದ ಕಾಲೇಜಿಗೆ ಕಳಿಸಿಕೊಟ್ಟರು. ಒಂದರ ಮೇಲೂ ಹೆಸರಿಲ್ಲ. ಕಾಲೇಜಿನ ಯೂನಿಸ್, ವರಸೆಯಲ್ಲಿ ನಮಗೆ ಮಗಳಾಗಬೇಕಾದವಳು, ಚಳಿಗಾಲದುದ್ದಕ್ಕೂ ಊರ ಸಭಾಭವನದಲ್ಲಿ ಹಿರಿಯರನ್ನು ಕೂರಿಸಿ ಹೆಸರು ಕೇಳತೊಡಗಿದಳು. ಮಾಂಸದ ಸಾರು, ಕರಿದ ರೊಟ್ಟಿ, ಕಾಫಿ, ನಗೆ. ವಸಂತದಲ್ಲಿ ಆ ಪಟಗಳು ಹೆಸರು ಸಮೇತ ಭವನದ ಗೋಡೆಗೆ ಏರಬೇಕಿತ್ತು. ಅಲ್ಲಿ ಏರಿದ ಹೆಸರೇ ಇನ್ನು ಮುಂದಿನ ಮಕ್ಕಳಿಗೆ ಸತ್ಯ. ಭಾವ ಬಾಲ್ಯದಲ್ಲಿ ಮುಖಂಡರ ಬಿಡಾರದಲ್ಲೇ ಓಡಾಡಿ ಬೆಳೆದವರಾದ್ದರಿಂದ ಅಗ್ರಪೀಠ ಅವರದೇ. ನಾನು ಆಗ ಮಂಡಿ ಕೊಯ್ಸಿಕೊಂಡು ಪಟ್ಟಣದಲ್ಲಿ ಮಗಳ ಮನೆಯಲ್ಲಿ ಬಿದ್ದಿದ್ದೆ. ಅಲ್ಲಿ ನಡೆದದ್ದನ್ನು ಆಮೇಲೆ ಯೂನಿಸ್ ಹೇಳಿ ತಿಳಿದೆ.

ಒಂದು ಪಟದಲ್ಲಿ ಮುಖಂಡರು ಬಂಡಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದಾರೆ, ಸುತ್ತ ಹೆಂಡತಿ, ಗಂಡುಮಕ್ಕಳು, ಸೊಸೆಯರು. ಹಿಂದೆ, ಬಂಡಿಯ ಚಕ್ರದ ಆಚೆ, ಸೊಂಟದವರೆಗೆ ಮಾತ್ರ ಕಾಣುವ ಒಬ್ಬ ಹುಡುಗಿ. ಕತ್ತಿನವರೆಗೆ ಗುಂಡಿ ಹಾಕಿದ ದಪ್ಪ ಕೋಟು. ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು. ಭಾವನ ಅಂಗೈ ಎಲ್ಲರ ಪಾದಗಳನ್ನೂ ದಾಟಿ ಆ ಚಕ್ರದ ಬಳಿ ಬಂದು ತಡವರಿಸಿತು. ಅವಳಿಗೆ ಪಾದಗಳೇ ಇರಲಿಲ್ಲ. ಗೊತ್ತಿಲ್ಲ ಎಂದು ಬಿಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸುತ್ತ ಜನ ಕಾಯುತ್ತಿದ್ದರು, ಹೊಗಳಿಕೆ ಅವರಿಗೆ ಅಷ್ಟಿಷ್ಟು ಏರಿತ್ತು ಎಂದೇ ನನ್ನ ಅನುಮಾನ.

"ಇವಳು ನಮ್ಮ ಪೈಕಿ ಅಲ್ಲ" ಎಂದರಂತೆ. "ಕೂದಲು ನೋಡಿ. ಅಂಗಡಿ ಬಿಳಿಯನ ಮನೆ ಕೆಲಸದವಳಿರಬೇಕು, ಪಟ ತೆಗೀತಾರೆ ಅಂತ ಬಂದು ತೂರ್ಕೊಂಡಿದಾಳೆ. ಮೋರೆ ನೋಡ್ರಯ್ಯಾ, ಹರಳೆಣ್ಣೆ ಕುಡಿದ ಹಾಗಿದೆ. ಬರ್ಕೊಳ್ಳಿ, ಮುಗೀತು."

ಭವನವೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಅಡುಗೆಕೋಣೆಯಲ್ಲಿ ರೊಟ್ಟಿ ಕರಿಯುತ್ತಿದ್ದ ಅಕ್ಕ, ಪಟವನ್ನು ಕಾಣದಿದ್ದರೂ, ಗಂಡನ ಮಾತಿಗೆ ಅಲ್ಲಿಂದಲೇ ನಕ್ಕಳಂತೆ.

ವಸಂತದಲ್ಲಿ ಪಟಗಳು ಗೋಡೆಗೆ ಏರಿದ ದಿನ ನಾನು ಕೋಲೂರಿಕೊಂಡು ಬಂದಿದ್ದೆ. ಭಾವ ಕೋಟಿನ ಗುಂಡಿಗಳನ್ನು ಉಜ್ಜಿ ಹೊಳಪಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಗೋಡೆಯುದ್ದಕ್ಕೂ ಒಂದೊಂದೇ ಪಟ ನೋಡುತ್ತ ಹೋದವಳು ಬಂಡಿಯ ಪಟದ ಮುಂದೆ ನಿಂತವಳು ನಿಂತೇ ಇದ್ದಳು. ಅದರ ಕೆಳಗೆ ಎಲ್ಲರ ಹೆಸರೂ ಇತ್ತು. ಕೊನೆಯಲ್ಲಿ, 'ಅಪರಿಚಿತ ಕೆಲಸದ ಹುಡುಗಿ' ಎಂದಿತ್ತು.

"ಯೂನಿಸ್, ಹೀಗೆ ಅಂತ ಹೇಳಿದ್ದು ಯಾರು?"

"ಚಿಕ್ಕಪ್ಪನೇ ಅಲ್ವಾ ಚಿಕ್ಕಮ್ಮ. ನೀವೂ ನಕ್ಕಿದ್ರಲ್ಲ ಅವತ್ತು."

ಅಕ್ಕ ನನ್ನನ್ನು ಕರೆದಳು. "ತಮ್ಮಾ, ಇಲ್ಲಿ ಬಾ. ಆ ಎಡಹುಬ್ಬು ನೋಡು."

ಎಡಹುಬ್ಬಿನ ಮೇಲೆ ಕುದುರೆ ಒದ್ದ ಗಾಯದ ಗುರುತು. ಚಿಕ್ಕಂದಿನಲ್ಲಿ ನಾನು ಅದನ್ನು ಬೆರಳಿಂದ ಸವರುತ್ತ ನಿದ್ದೆ ಹೋಗುತ್ತಿದ್ದೆ. "ಅಮ್ಮ" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ನಮ್ಮ ಮಕ್ಕಳನ್ನು ಬಿಳಿಯರಂತೆ ಮಾಡಲು ಒಯ್ಯುತ್ತಿದ್ದ ದೂರದ ಸರ್ಕಾರಿ ವಸತಿಶಾಲೆಯಿಂದ ಅವಳನ್ನು ಮನೆಗೆ ಕಳಿಸಿದ ವರ್ಷದ ಪಟವಿರಬೇಕು ಅದು. ನಮ್ಮಲ್ಲಿ ಹೆಣ್ಣು ಕೂದಲು ಕತ್ತರಿಸಿಕೊಳ್ಳುವುದು ಸಾವಿನ ಶೋಕಕ್ಕೆ ಮಾತ್ರ. ಅಲ್ಲಿ ಅದನ್ನು ಬಲವಂತವಾಗಿ ಕತ್ತರಿಸುತ್ತಿದ್ದರು. ಆ ಅವಮಾನಕ್ಕೇ ಅವಳು ಚಕ್ರದ ಹಿಂದೆ ಅಡಗಿ ನಿಂತಿದ್ದಳೇನೋ. ಭಾವ ಮುಖಂಡರ ಬಿಡಾರದಲ್ಲಿ ಓಡಾಡುವ ಹೊತ್ತಿಗೆ ಅವಳು ಮದುವೆಯಾಗಿ ಬೇರೆ ಊರು ಸೇರಿದ್ದಳು.

ಎದ್ದು ಪಟದ ಬಳಿ ಬರುತ್ತಿದ್ದ ಭಾವ ನನ್ನ ಮಾತು ಕೇಳಿದ್ದೇ ಬೆನ್ನು ತಿರುಗಿಸಿ ನಿಂತರು. ಆಮೇಲೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಊಟ ಮುಟ್ಟದೆ ಹೊರಟುಹೋದರು. ನಮ್ಮಲ್ಲಿ ಬಡಿಸಿದ ಮೇಲೆ ಉಣ್ಣದೆ ಹೋಗುವುದು ದೊಡ್ಡ ಮಾತು. ಯಾರೂ ತಡೆಯಲಿಲ್ಲ, ಏಕೆಂದರೆ ಅವತ್ತು ನಕ್ಕಿದ್ದ ಒಬ್ಬೊಬ್ಬರೂ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು.

ಆಮೇಲೆ ಅವರು ಅಂಗಡಿಗೆ ಹೋಗುವುದನ್ನು ಬಿಟ್ಟರು, ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟರು. ಪೆಟ್ರೋಲ್ ಹಾಕಿಸಲು ಹೋದಾಗ ಯಾವನೋ ತಲೆಹರಟೆ, "ಏನು ದೊಡ್ಡೋರೆ, ಬರ್ಕೊಂಡಿದ್ದು ಅಳಿಸಿದ್ರಂತೆ" ಎಂದನಂತೆ. ಅರ್ಧ ತುಂಬಿದ ಟ್ಯಾಂಕಿನಲ್ಲೇ ವಾಪಸು ಬಂದರು. ಕುದುರೆ ಲಾಯದಲ್ಲಿ ಕೂತಿದ್ದ ಅವರ ಬಳಿ ಹೋಗಿ ನಾನು ಹಳೆಯ ಸಲಿಗೆಯಿಂದ, "ಹೋಗ್ಲಿ ಬಿಡಿ ಭಾವ, ಅಂತೂ ಅತ್ತೆ ಮುಖ ನೋಡಿದ ಹಾಗಾಯ್ತು" ಎಂದೆ.

"ನೀನು ನಗಬಹುದು" ಎಂದರು. "ನಿನಗೆ ಅವಳು ತಾಯಿ. ನನಗೆ ಅತ್ತೆ." ನೆಲ ನೋಡುತ್ತ ಮತ್ತೆ ಹೇಳಿದರು: "ಕೂದಲು ಕತ್ತರಿಸಿದೋರು ಅವಳಿಗೆ ಏನು ಹೇಳಿರ್ತಾರೆ ಗೊತ್ತಾ? ನೀನು ಇನ್ನು ನಿಮ್ಮ ಜನರ ಪೈಕಿ ಅಲ್ಲ ಅಂತ. ನಾನೂ ಅದೇ ಮಾತು ಹೇಳ್ದೆ ನೋಡು. ಜನ ಸೇರಿಸಿ, ನಗಿಸಿ, ಹೇಳ್ದೆ."

ನಮ್ಮ ಭಾಷೆಯಲ್ಲಿ ಅಳಿಯ-ಅತ್ತೆಯರ ಆ ದೂರವನ್ನು ಹೇಳಲು ಬಳಸುವ ಮಾತು 'ನಾಚಿಕೆ' ಎಂದೇ. ಬದುಕಿನುದ್ದಕ್ಕೂ ಒಬ್ಬ ಹೆಂಗಸಿನ ಮುಂದೆ ಆ ನಾಚಿಕೆಯನ್ನು ಹೊತ್ತು ನಡೆದವನಿಗೆ, ಒಂದು ಮಧ್ಯಾಹ್ನದ ಹಗುರ ಬಾಯಿಯಿಂದ ಇನ್ನೊಂದು ಬಗೆಯ ನಾಚಿಕೆ ಬಂದು ಅಮರಿಕೊಂಡಿತ್ತು. ಅದನ್ನು ತೊಳೆಯಲು ನಮ್ಮಲ್ಲಿರುವುದು ಒಂದೇ ದಾರಿ, ಇದ್ದುದನ್ನು ಊರವರಿಗೆ ಕೊಟ್ಟುಬಿಡುವುದು.

ಜೂನ್‌ನಲ್ಲಿ ಭಾವ, ಅಕ್ಕ ಊರನ್ನೆಲ್ಲ ಕರೆದರು. ಅಕ್ಕ ತನ್ನ ಮತ್ತು ಗಂಡನ ಸಾವಿನಲ್ಲಿ ಹಂಚಲೆಂದು ವರ್ಷಗಳಿಂದ ಹೊಲಿದು ಪೆಟ್ಟಿಗೆಯಲ್ಲಿಟ್ಟಿದ್ದ ನಕ್ಷತ್ರದ ಚಿತ್ತಾರದ ಕೌದಿಗಳನ್ನೆಲ್ಲ ಹೊರತಂದಳು. ಅವತ್ತು ನಕ್ಕವರನ್ನು ಹೆಸರು ಹಿಡಿದು ಕರೆದು, ಒಬ್ಬೊಬ್ಬರ ಹೆಗಲಿಗೂ ಭಾವ ತಾವೇ ಹೊದಿಸಿದರು. ಪೆಟ್ರೋಲ್ ಪಂಪಿನ ತಲೆಹರಟೆಗೆ ಅತಿ ಚೆಂದದ್ದೇ ಸಿಕ್ಕಿತು. ಅವನು ಅದನ್ನು ಹೊದ್ದು ತಲೆಯೆತ್ತಲಿಲ್ಲ. ತಮಗುಳಿದಿದ್ದ ಒಂದೇ ಹೆಣ್ಣುಕುದುರೆಯ ಹಗ್ಗವನ್ನು ಯೂನಿಸಳ ಕೈಗಿತ್ತರು. ಸಾಲು ಮುಗಿದ ಮೇಲೆ ಕಾಲನ್ನು ಬೀಸುತ್ತ ಬಂದು, ಗೋಡೆಯ ಪಟಕ್ಕೆ ಬೆನ್ನು ಮಾಡಿ, ಜನರ ಮುಂದೆ ನಿಂತರು. ಅಕ್ಕ ಪಕ್ಕದಲ್ಲಿದ್ದಳು.

"ನಿಮ್ಮಮ್ಮನಿಗೆ ಹೇಳು" ಎಂದರು. "ಅಳಿಯನ ಬಾಯಲ್ಲಿ ಬರಬಾರದ ಮಾತು ಬಂತು. ಅವನಿಗೆ ತಲೆ ಎತ್ತೋಕಾಗ್ತಿಲ್ಲ ಅಂತ ಹೇಳು."

ಅಕ್ಕ ಪಟದ ಕಡೆ ತಿರುಗಿದಳು. "ಅಮ್ಮಾ, ಇವರು ತಪ್ಪಾಯ್ತು ಅಂತಿದಾರೆ. ನಾನೂ ನಕ್ಕಿದ್ದೆ, ನಂದೂ ಸೇರಿಸ್ಕೊ."

"ಈಗ ಅವಳ ಮುಖ ಹೇಗಿದೆ ಅಂತ ನನಗೆ ಹೇಳು" ಎಂದರು ಭಾವ, ತಿರುಗದೆ. "ಎಲ್ಲರಿಗೂ ಕೇಳೋ ಹಾಗೆ ಹೇಳು. ಇನ್ನೊಂದ್ಸಲ ಯಾರೂ ತಪ್ಪಬಾರದು."

ಅಕ್ಕ ಪಟದ ಹತ್ತಿರಕ್ಕೆ ಹೋಗಿ ಶುರುಮಾಡಿದಳು. ಹುಬ್ಬಿನ ಗಾಯ ಹೇಳಿದಳು. ಎತ್ತರದ ಕೆನ್ನೆಮೂಳೆ, ಕೊಂಚ ಬಲಕ್ಕೆ ವಾಲಿದ ಮೂಗು, ಅಳು ಬಂದಾಗ ಬಿಗಿದುಕೊಳ್ಳುವ ಬಾಯಿ ಹೇಳಿದಳು. ಗಲ್ಲದ ನಡುವಿನ ಸಣ್ಣ ಗುಳಿಯ ಬಳಿ ಬಂದಾಗ ಅವಳ ಬೆರಳು ತನ್ನ ಗಲ್ಲಕ್ಕೇ ಹೋಯಿತು.

"ಇನ್ನೇನು ಹೇಳ್ಲಿ ಮುದುಕಾ" ಎಂದಳು. "ಇದು ನನ್ನ ಮುಖಾನೇ. ಇಷ್ಟು ವರ್ಷ ನೀನು ಎದುರಿಗೆ ಕೂತು ಉಂಡಿದ್ದು ಇದೇ ಮುಖ ನೋಡ್ಕೊಂಡು."

ಭಾವ ಅವಳ ಕಡೆ ನೋಡಿದರು. ಹುಬ್ಬು, ಕೆನ್ನೆ, ಮೂಗು, ಬಾಯಿ, ಗಲ್ಲ ಎಂದು ಅವರ ಕಣ್ಣು ಹೆಂಡತಿಯ ಮುಖದ ಮೇಲೆ ಅಕ್ಷರ ಕಲಿಯುವವನಂತೆ ನಿಧಾನವಾಗಿ ಚಲಿಸಿದ್ದನ್ನು ನಾನು ಕಂಡೆ. ತಾವು ಹಾಸ್ಯ ಮಾಡಿದ್ದು ಯಾವ ಮೋರೆಯನ್ನು ಎಂದು ಅವರಿಗೆ ಪೂರ್ತಿ ತಿಳಿದದ್ದು ಆಗಲೇ. ಅವರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು, ಮುದುಕರು ಅಳುವ ಹಾಗೆ ಸದ್ದಿಲ್ಲದೆ ಅತ್ತರು.

ಗೋಡೆಯ ಹೆಸರು ಈಗ ಸರಿಯಾಗಿದೆ. ಭಾವ ಮತ್ತೆ ಯಾರಿಗೂ ಹೆಸರು ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಉಳಿದವು ಹಾಗೇ ಉಳಿದವು, ಎರಡು ವರ್ಷದ ಮೇಲೆ ಅವರೂ ಹೋದರು. ಅವರಂಥವರು ನಮ್ಮಲ್ಲಿ ಬಹಳ ಮಂದಿ ಇದ್ದರು: ಒಂದು ಜೀವಕ್ಕಾಗಿ ಹಿಮ ತೋಡುವರು, ಸೌದೆ ಹೊರುವರು, ಸತ್ತಾಗ ಎದೆ ಬಿರಿಯೆ ಅಳುವರು, ಆದರೆ ಜಾತ್ರೆಯಲ್ಲಿ ಎದುರಾದರೆ ಅದರ ಗುರುತು ಹಿಡಿಯಲಾರರು. ಅವರನ್ನು ಕಂಡು ನಾನು ಜೀವಮಾನವೆಲ್ಲ ನಕ್ಕವನು. ಈಗ ಹೆಸರಿಲ್ಲದ ಹಳೆಯ ಮುಖವೊಂದು ಯಾವುದೇ ಪಟದಿಂದ ನನ್ನನ್ನು ದಿಟ್ಟಿಸಿದರೆ, ಪಾಪ, ಇವಳು ಯಾರಿಗೂ ಬೇಡದವಳು ಎಂದುಕೊಳ್ಳಲು ಧೈರ್ಯ ಬರುವುದಿಲ್ಲ. ಅವಳನ್ನು ಎಲ್ಲರಿಗಿಂತ ಹೆಚ್ಚು ಗೌರವಿಸಿದವನು ಆ ಮನೆಯಲ್ಲೇ, ಅವಳಿಂದ ನಾಲ್ಕು ಮಾರು ದೂರದಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಿರಬಹುದು.