ಕಲ್ಲವ್ವನಿಗೆ ಬುದ್ಧಿ ಹೇಳಿದ್ದು

ಜಪಾನಿನಲ್ಲಿ ಹುಟ್ಟಿದ ಹುಡುಗಿ ಜಮಖಂಡಿಗೆ ಬರುವಷ್ಟರಲ್ಲಿ ಕಲ್ಲವ್ವ ಆಗಿದ್ದಳು. ಮೂಲದಲ್ಲಿ ಅವಳ ಹೆಸರು ಇಶಿಕೊ. ಇಶಿ ಎಂದರೆ ಅವರ ಭಾಷೆಯಲ್ಲಿ ಕಲ್ಲಂತೆ. ಪೆಟ್ಟು ಬಿದ್ದಷ್ಟೂ ಅವಳ ಮೈ ಕಲ್ಲಾಗುತ್ತದೆ, ಕಲ್ಲಾದಷ್ಟೂ ಬಲ ಬರುತ್ತದೆ, ಆ ಬಲದಿಂದ ಅವಳು ನೀರಲ್ಲಿ ಮುಳುಗುವ ಊರುಗಳನ್ನು ಎತ್ತಿ ಹಿಡಿಯುತ್ತಾಳೆ. ಮಾಂಗಾ ಎನ್ನುವ ಕಪ್ಪು ಬಿಳುಪಿನ ಈ ಜಪಾನಿ ಚಿತ್ರಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ಪಾತ್ರಗಳ ಬಾಯಿಂದ ಹೊರಡುವ ಬಿಳಿ ಗುಳ್ಳೆಗಳಲ್ಲಿ ಅಕ್ಷರ ಕೂರಿಸಿ, ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದವಳು ಅನುರಾಧಾ. ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವ, ಇಪ್ಪತ್ತಾರು ವರ್ಷದ, ತನ್ನ ಲಗ್ನದ ಮಾತೆತ್ತಿದರೆ ಮಾತ್ರ ಸಿಡುಕುವ ಹುಡುಗಿ.

ಗುಂಪಿನ ಹೆಸರು 'ಕಲ್ಲವ್ವನ ಮಂದಿ'. ಮುಧೋಳ, ಬೀಳಗಿ, ಜಮಖಂಡಿ ಕಡೆಯ ನೂರಾ ನಲವತ್ತು ಜನ. ಅಣೆಕಟ್ಟಿನ ಹಿನ್ನೀರಿಗೆ ಊರು ಕೊಟ್ಟವರ ಮಕ್ಕಳೇ ಅದರಲ್ಲಿ ಅರ್ಧ ಇದ್ದರು. ಮುಳುಗುವ ಊರನ್ನು ಎತ್ತುವ ಹುಡುಗಿ ಅವರಿಗೆ ಬೇಕೇ ಬೇಕಿತ್ತು. ಅನುರಾಧಾ ಆ ಗುಂಪಿಗೆ 'ಅಕ್ಕಾರು'. ಅಕ್ಕಾರು ಬರೆದದ್ದೇ ವೇದ, ಯಾಕೆಂದರೆ ಇಂಗ್ಲಿಷ್ ಪುಟ ತೆರೆದು ನೋಡುವ ಪುಣ್ಯಾತ್ಮ ಅಲ್ಲಿ ಒಬ್ಬನೂ ಇರಲಿಲ್ಲ.

ಮೂವತ್ತೆಂಟನೇ ಕಂತಿನಲ್ಲಿ ಕಲ್ಲವ್ವ ಇಡೀ ಊರಿನೆದುರು ನಿಂತು ತನ್ನ ಬಾಲ್ಯ ಹೇಳುತ್ತಾಳೆ. ಮಗಳು ಬೇಗ ಕಲ್ಲಾಗಲೆಂದು ಅಪ್ಪ ಮೂರನೇ ವರ್ಷದಿಂದ ದಿನಾ ಬಾರಿಸುತ್ತಿದ್ದ. ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಸಣ್ಣ ವಾಕ್ಯ: ಅವನು ನನ್ನನ್ನು ಹೊಡೆಯುತ್ತಿದ್ದ, ದಿನಾಲೂ. ಅನುರಾಧಾ ಟೈಪು ಮಾಡಿದ್ದು: 'ಅಪ್ಪ ನನಗೆ ದಿನಾಲೂ ಬುದ್ಧಿ ಹೇಳುತ್ತಿದ್ದ.'

ಬೇಕೆಂದು ಮಾಡಿದ್ದಲ್ಲ. ಅವಳ ಮನೆಯಲ್ಲಿ ಆ ಕೆಲಸಕ್ಕೆ ಇದ್ದ ಹೆಸರೇ ಅದು. ನಾಲ್ಕನೇ ಇಯತ್ತೆಯಲ್ಲಿ ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ಅಪ್ಪ ಗಿರಮಲ್ಲಪ್ಪ ಮಾಸ್ತರರು ಕೊಟ್ಟ ಒಂದು ಏಟಿಗೆ ಎಡಗಿವಿ ಮಂದವಾಗಿ ಇವತ್ತಿಗೂ ಹಾಗೇ ಇದೆ. ಅವ್ವ ಸುಂದರವ್ವ ಆಗ ಡಾಕ್ಟರಿಗೆ ಹೇಳಿದ್ದು ಇಷ್ಟೇ, "ಅವರಪ್ಪಾರು ಸ್ವಲ್ಪ ಬುದ್ಧಿ ಹೇಳ್ಯಾರ್ರೀ." ಡಾಕ್ಟರರೂ ಮಕ್ಕಳೊಂದಿಗರು, ಅರ್ಥವಾಯಿತೆಂದು ತಲೆಯಾಡಿಸಿ ಹನಿ ಔಷಧ ಬರೆದುಕೊಟ್ಟರು. ಕೊಲ್ಲುವಂಥ ಕೆಲಸಕ್ಕೂ ಒಂದು ಒಳ್ಳೆಯ ಹೆಸರಿಟ್ಟುಬಿಟ್ಟರೆ ನಮ್ಮ ಜನ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ.

ಕಂತು ಬಿದ್ದದ್ದೇ ತಡ, ಗುಂಪು ಕಲ್ಲವ್ವನ ಅಪ್ಪನ ಜೈಕಾರ ಶುರುಮಾಡಿತು. ಹುನ್ನೂರಿನ ಮಾಳಿಂಗರಾಯ, ಬಸ್ ಕಂಡಕ್ಟರು, ಎರಡು ನಿಮಿಷ ಮಾತಾಡಿ ಕಳಿಸಿದ: "ಉಳಿಪೆಟ್ಟು ಬೀಳದ ಕಲ್ಲು ಮೂರ್ತಿ ಆಗತೈತೇನ್ರೋ? ಅಂವಾ ಬುದ್ಧಿ ಹೇಳಿದ್ದಕ್ಕ ಈಕಿ ಕಲ್ಲವ್ವ ಆದ್ಲು. ಇಲ್ಲಂದ್ರ ಎಲ್ಲಿ ರೊಟ್ಟಿ ಬಡಕೋಂತ ಕುಂಡ್ರತಿದ್ಲೋ!" ಮುಧೋಳದ ಶೇವಂತಿ, "ನಮ್ಮಪ್ಪನೂ ಹಿಂಗ ಬುದ್ಧಿ ಹೇಳಿದ್ದರ ನಾನೂ ಪಿಎಸ್ಐ ಆಗತಿದ್ದೆ" ಎಂದು ಬರೆದು ನಗುವ ಮುಖ ಒತ್ತಿದಳು. ಅಪ್ಪನ ಚಿತ್ರವನ್ನು ಕತ್ತರಿಸಿ ಹನ್ನೆರಡು ಜನ ತಮ್ಮ ಡಿಪಿಗೆ ಹಾಕಿಕೊಂಡರು.

ಒಬ್ಬಳು ಮಾತ್ರ ಅಡ್ಡ ಬಂದಳು. "ಚಿತ್ರದಾಗ ಹುಡಿಗಿ ಕೈ ಮುರದೈತಿ. ಬುದ್ಧಿ ಹೇಳಿದ್ರ ಕೈ ಮುರೀತೈತೇನ್ರಿ?" ಹೆಸರು ಉಮಾಶ್ರೀ. "ಅಕ್ಕಾರು ಬರದದ್ದು ಓದವಾ, ಚಿತ್ರ ಏನ ನೋಡ್ತಿ" ಎಂದು ಮಾಳಿಂಗರಾಯ ಅವಳ ಬಾಯಿ ಮುಚ್ಚಿಸಿದ.

ಶನಿವಾರ ಮಧ್ಯಾಹ್ನ ಆ ಉಮಾಶ್ರೀಯೇ ಅನುರಾಧಾಳಿಗೆ ಬೇರೆಯಾಗಿ ಬರೆದಳು.

"ಅಕ್ಕಾರ, ನಾ ಅನಗವಾಡಿಯಾಕಿರಿ. ಇಂಗ್ಲೀಷಿನ್ಯಾಗ ಖರೆ ಏನೈತ್ರಿ? ಬುದ್ಧಿ ಹೇಳ್ತಿದ್ದ ಅಂತನೋ, ಹೊಡೀತಿದ್ದ ಅಂತನೋ?"

ಉತ್ತರ ಬರುವ ಮೊದಲೇ ಎರಡನೆಯದು ಬಂತು. "ನನ್ನ ಬನಹಟ್ಟಿಗಿ ಕೊಟ್ಟಾರ್ರಿ. ತವರಿಗಿ ಬಂದು ತಿಂಗಳಾತು. ಸೋಮವಾರ ಮುಂಜಾನೆ ಹಿರ್ಯಾರು ಕೂಡಾವರದಾರ. ನಮ್ಮನಿಯವರು ನಾ ಹೊಡದಿಲ್ಲ, ಬುದ್ಧಿ ಹೇಳೇನಿ ಅಂತಾರ. ನಾಕ ಮಂದ್ಯಾಗ ನಿಂತು ಹೊಡೀತಾರ ಅನ್ನಾಕ ನನಗ ಬಾಯಿ ಬರವಲ್ದು. ಕಲ್ಲವ್ವನಂಥಾಕಿ ಊರ ಮುಂದ ಹೊಡೀತಿದ್ದ ಅಂದಾಳಂದ್ರ, ನಾನೂ ಅಂತೇನಿ. ಅಷ್ಟ ಹೇಳ್ರಿ ಸಾಕು."

ಅನುರಾಧಾಳಿಗೆ ತಪ್ಪು ಗೊತ್ತಾಯಿತು. ಗೊತ್ತಾದ ಕೂಡಲೇ ಸಿಟ್ಟೂ ಬಂತು, ಯಾಕೆಂದರೆ ತಪ್ಪು ತೋರಿಸಿದವರ ಮೇಲೆ ಸಿಟ್ಟಾಗುವುದು ಮಾಸ್ತರರ ಮನೆಯಲ್ಲಿ ಬೆಳೆದವರಿಗೆ ಕಲಿಸಬೇಕಾದ ವಿದ್ಯೆಯಲ್ಲ. ಅಕ್ಕಾರು ಎಂಬ ಕಿರೀಟ ಬೇರೆ. "ಅಲ್ಲಿ ಇದ್ದದ್ದನ್ನೇ ಬರೆದೇನಿ ತಂಗಿ" ಎಂದು ಕಳಿಸಿ ಫೋನು ಮಗುಚಿಟ್ಟಳು. ಮತ್ತೆ ಎತ್ತಿ ನೋಡಿದಾಗ ಎರಡು ನೀಲಿ ಗೆರೆ ಬಿದ್ದಿದ್ದವು. ಆ ಕಡೆಯಿಂದ "ಆತ್ರಿ" ಎಂದಷ್ಟೇ ಬಂತು.

ಶನಿವಾರ ರಾತ್ರಿಯೆಲ್ಲ ಆ 'ಆತ್ರಿ' ಅವಳನ್ನು ತಿಂದಿತು. ಭಾನುವಾರ ಬೆಳಿಗ್ಗೆ ಅಂಗಡಿಯ ಬೀಗ ತೆಗೆದು ಗುಳ್ಳೆಯನ್ನು ಅಳಿಸಿ ಹೊಸದಾಗಿ ಟೈಪು ಮಾಡಿದಳು: 'ಅಪ್ಪ ನನ್ನನ್ನು ದಿನಾಲೂ ಹೊಡೆಯುತ್ತಿದ್ದ.' ಪ್ರಿಂಟು ತೆಗೆದು ಮನೆಗೆ ತಂದಳು. ಇಲ್ಲೇ ಇನ್ನೊಂದು ಫಜೀತಿ. ಕಲ್ಲವ್ವನ ಮೊದಲ ಓದುಗ, ಎಲ್ಲರಿಗಿಂತ ದೊಡ್ಡ ಅಭಿಮಾನಿ, ಕರಡು ತಿದ್ದುವವರು ಸ್ವತಃ ಗಿರಮಲ್ಲಪ್ಪ ಮಾಸ್ತರರು. ರಿಟೈರಾಗಿ ಆರು ವರ್ಷ. ಕುರಿ ಕಾಯುವ ಮನೆತನದಲ್ಲಿ ಮೊದಲು ಪೆನ್ಷನ್ ಕಂಡವರು. ಮಗಳ ಪ್ರತಿ ಪುಟಕ್ಕೂ ಕನ್ನಡಕ ಹಾಕಿ ಕೂತು, ಒತ್ತಕ್ಷರ ದೀರ್ಘ ತಿದ್ದಿ, "ಜಪಾನಿನವರು ಶಿಸ್ತಿನ ಮಂದಿ" ಎಂದು ಬೀಗುತ್ತಿದ್ದರು. ಈಗ ಕೈ ನಡುಗುತ್ತದೆ, ಮಗಳಿಗೆ ಚಹಾ ಅವರೇ ಮಾಡಿಕೊಡುತ್ತಾರೆ. ಅದೇ ದೊಡ್ಡ ತೊಡಕು. ಕೆಟ್ಟವನನ್ನು ದ್ವೇಷಿಸುವುದು ಸುಲಭ, ಚಹಾ ಮಾಡಿಕೊಡುವವನನ್ನು ಹೇಗೆ?

ಮಾಸ್ತರರು ಹೊಸ ಸಾಲು ಓದಿದರು. ಇನ್ನೊಮ್ಮೆ ಓದಿದರು. 'ಹೊಡೆಯುತ್ತಿದ್ದ' ಎಂಬುದರ ಮೇಲೆ ಕೆಂಪು ಗೆರೆ ಎಳೆದು ಮೇಲೆ ದುಂಡಗೆ ಬರೆದರು: ಬುದ್ಧಿ ಹೇಳುತ್ತಿದ್ದ.

"ಮೊದಲಿನದ ಛಲೋ ಇತ್ತಲ್ಲ" ಎಂದರು. "ಇದ್ಯಾಕ ಬದಲ ಮಾಡಿದಿ?"

"ಅಲ್ಲಿ ಇರೋದು ಇದರೀ ಅಪ್ಪಾ. ನಾ ತಪ್ಪ ಬರದಿದ್ದೆ."

"ಭಾಷಾಂತರಂದ್ರ ಬರೇ ಶಬ್ದ ಅಲ್ಲವಾ, ಭಾವ. ಹೊಡಿಯೋದಂದ್ರ ವೈರಿ ಮಾಡೂ ಕೆಲಸ. ತಂದಿ ಮಾಡಿದ್ರ ಅದು ಬುದ್ಧಿ ಹೇಳಿದಂಗ."

"ಹಂಗಾರ ನನ್ನ ಕಿವಿ?"

ಬಾಯಿಂದ ಜಾರಿಬಿಟ್ಟಿತು. ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. "ಮನಿದೇವ್ರು ಬೀರಪ್ಪನ ಆಣಿ ಮಾಡಿ ಹೇಳ್ತೇನಿ" ಎಂದರು ಕೊನೆಗೆ. "ನಾ ಒಂದ ದಿವಸಾನೂ ನಿನ್ನ ಹೊಡದಿಲ್ಲ. ಬುದ್ಧಿ ಹೇಳೇನಿ, ಅಷ್ಟ." ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. ಅವರು ಹೇಳಿದ್ದನ್ನು ಅವರು ಪೂರ್ತಿ ನಂಬಿದ್ದರು, ಅನುರಾಧಾಳಿಗೆ ಹೆದರಿಕೆಯಾದದ್ದು ಅದಕ್ಕೇ. ಅವಳು ಕಾಗದ ಮಡಚಿಕೊಂಡು ಒಳಗೆ ಹೋದಳು. ಯಾರಿಗೂ ಏನನ್ನೂ ಕಳಿಸಲಿಲ್ಲ.

ಸೋಮವಾರ ಅಂಗಡಿಯಲ್ಲಿ ಒಂದು ಲಗ್ನಪತ್ರಿಕೆ. ಸಾವಳಗಿಯವರು, ಸುಖಾಗಮನ ಬಯಸುವವರೇ ಮೂವತ್ತು ಮಂದಿ. ಹತ್ತು ಗಂಟೆಗೆ ಕಳಿಸೋಣವೆಂದು ಫೋನು ಎತ್ತಿದಳು, ಇಟ್ಟಳು. ಹನ್ನೊಂದಕ್ಕೆ ಎತ್ತಿದಳು, ಗಿರಾಕಿ ಬಂದ. ಒಂದು ಗಂಟೆಗೆ ಊಟ. ಮಾಡಬೇಕಾದ ಕೆಲಸವನ್ನು ಮುಂದೂಡುವವರಿಗೆ ನೆವಗಳು ತಾವಾಗಿ ಸಾಲುಗಟ್ಟಿ ಬರುತ್ತವೆ. ಮೂರು ಗಂಟೆಗೆ, ಪತ್ರಿಕೆಯ ನೆಂಟರೆಲ್ಲ ಮುಗಿದ ಮೇಲೆ, ತಿದ್ದಿದ ಪುಟದ ಜೊತೆ ಬರೆದಳು: "ನಾ ಸುಳ್ಳ ಹೇಳಿದ್ದೆ ತಂಗಿ. ಅಲ್ಲಿ 'ಹೊಡೆಯುತ್ತಿದ್ದ' ಅಂತನ ಐತಿ. ಕಲ್ಲವ್ವ ಊರ ಮುಂದ ಹಂಗ ಅಂದಾಳ. ನೀನೂ ಅನ್ನು."

ಉತ್ತರ ಐದೂವರೆಗೆ ಬಂತು.

"ತಡಾತ್ರಿ ಅಕ್ಕಾರ. ಹಿರ್ಯಾರು ಏನಾಗೇತಿ ಅಂತ ಕೇಳಿದ್ರು. ಬುದ್ಧಿ ಹೇಳ್ತಾರ, ತುಸು ಜಾಸ್ತಿ ಹೇಳ್ತಾರ ಅಂದೆ. ಎಲ್ಲಾರೂ ನಕ್ಕರು. ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂದ್ರು. ನಮ್ಮನಿಯವರಿಗೂ ಬುದ್ಧಿ ಹೇಳ್ಯಾರ್ರಿ, ಚಂದಂಗ ನಡಕೋ ಅಂತ. ಅವರಿಗೆ ಬಾಯಿಲೆ ಹೇಳಿದ್ರು."

ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. "ಬನಹಟ್ಟಿಗೆ ಹೊಂಟೇವ್ರಿ. ನಿಮ್ಮ ಜಮಖಂಡಿ ಸ್ಟ್ಯಾಂಡಿನ್ಯಾಗ ಬಸ್ ಹತ್ತು ನಿಮಿಷ ನಿಂತಿತ್ತು. ನಿಮ್ಮ ಅಂಗಡಿ ಬೋರ್ಡ್ ಕಾಣತಿತ್ತು. ಈಗ ಮುಂದಿನ ಸ್ಟಾಪಿನ್ಯಾಗ ಅವರು ಚಹಾಕ್ಕ ಇಳದಾರ. ನಾ ಬರದದ್ದೆಲ್ಲಾ ಅಳಸಾಕತ್ತೇನಿ, ನೀವು ಕಳಿಸಿದ್ದೂ ಅಳಸಿಬಿಡ್ರಿ ಅಕ್ಕಾರ. ಅವರು ಫೋನ್ ನೋಡ್ತಾರ. ಅದರಾಗ ಹೊಡೀತಿದ್ದ ಅಂತ ಐತಿ."

ಅನುರಾಧಾ ಅಂಗಡಿಯ ಹೊರಗೆ ಓಡಿ ಬಂದಳು. ಸ್ಟ್ಯಾಂಡಿನಲ್ಲಿ ಇಳಕಲ್ಲಿನ ಬಸ್ಸು ನಿಂತಿತ್ತು, ಬನಹಟ್ಟಿಯದು ಹೋಗಿಯಾಗಿತ್ತು. ಅಲ್ಲೇ ನಿಂತು, ತಾನು ಬರೆದ ಖರೆ ಮಾತನ್ನು ಒತ್ತಿ ಹಿಡಿದು, ಇಬ್ಬರ ಫೋನಿನಿಂದಲೂ ಅಳಿಸಿದಳು. ಪುಟ ಹೋಯಿತು, ಮಾತು ಹೋಯಿತು. ಶನಿವಾರದ ಸುಳ್ಳು ಮಾತ್ರ ಎರಡು ನೀಲಿ ಗೆರೆಯೊಂದಿಗೆ ಅಲ್ಲೇ ಉಳಿಯಿತು.

ಮನೆಗೆ ಬಂದಾಗ ಮಾಸ್ತರರು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ಇದ್ದರು. ಮಗಳ ಮುಖ ನೋಡಿ ಗಾಬರಿಯಾದರು.

"ಯಾಕವಾ? ಯಾರೇನಂದ್ರು?"

"ಒಂದ ಹುಡಿಗೀನ ಹೊಡಸಾಕ ಕಳಿಸಿ ಬಂದೇನ್ರಿ ಅಪ್ಪಾ" ಎಂದಳು ಅನುರಾಧಾ. ದನಿ ಏರಿತ್ತು. "ಹೊಡಸಾಕ. ಬುದ್ಧಿ ಹೇಳಸಾಕಲ್ಲ. ನೀವು ನನ್ನ ಹೊಡದಂಗ ಹೊಡೀತಾರ ಆಕಿನ್ನ."

ಮಾಸ್ತರರ ಕೈಯ ಕಪ್ಪು ತುಳುಕಿ ಚಹಾ ಕೈಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲಿಲ್ಲ. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅಡುಗೆಮನೆಯಿಂದ ಸುಂದರವ್ವ ಹೊರಬಂದು ಸರಸರನೆ ಹೋಗಿ ಬೀದಿಯ ಬಾಗಿಲು ಮುಚ್ಚಿದಳು.

"ಮೆಲ್ಲಕ ಅನ್ನು ಅನು," ಎಂದಳು. "ಬಾಜೂ ಮನಿಯವರು ಕೇಳ್ಯಾರು."