ಪೆಟ್ಟಿಗೆಯ ತಳದ ಹಿತ್ತಾಳೆ

ಕೊಯಿಲದ ಜೈನಬಮ್ಮನವರ ಕಪಾಟಿನಲ್ಲಿ ವೆಲ್ವೆಟ್ ಬಟ್ಟೆ ಸುತ್ತಿಟ್ಟ ಹಿತ್ತಾಳೆಯ ವಸ್ತುವೊಂದಿತ್ತು. ಮುಷ್ಟಿಗಿಂತ ದೊಡ್ಡದು, ಒಳ್ಳೇ ಭಾರ. ಮೂರು ಕಿವಿ, ಕಿವಿಗೊಂದು ತೂತು, ಹೊಟ್ಟೆಯೊಳಗೆ ಸುರುಳಿ ಗೀರು. ಅದೇನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಮುಹ್ಸಿನಾಗಂತೂ ಬುದ್ಧಿ ಬಂದಾಗಿನಿಂದ ಅದೇ ಪ್ರಶ್ನೆ ತಲೆ ತಿನ್ನುತ್ತಿತ್ತು.

ಅವಳು ಅಂಬೆಗಾಲಿಡುತ್ತಿದ್ದಾಗ ತಂದೆ ಇದಿನಬ್ಬ ಸೌದಿಯ ದಮಾಮಿನಲ್ಲಿ ತೀರಿಕೊಂಡಿದ್ದರು. ದಫನ ಅಲ್ಲೇ ಆಯಿತು. ಮನೆಗೆ ಬಂದದ್ದು ಪೆಟ್ಟಿಗೆ ಮಾತ್ರ. ಗಲ್ಫಿನ ಪೆಟ್ಟಿಗೆ ಬಂತೆಂದರೆ ಮನೆಮಂದಿಯೆಲ್ಲ ಸುತ್ತ ಕೂತು ಬಿಚ್ಚುವುದು, ಇದು ಇವಳಿಗೆ, ಅದು ಅವನಿಗೆ ಎಂದು ಹಂಚುವುದು ವಾಡಿಕೆ. ಅದರೊಳಗೆ ಯಾರಿಗೂ ಅಲ್ಲದ ವಸ್ತು ಇರುವುದೇ ಇಲ್ಲ. ಆ ಸಲ ಅಳುತ್ತಲೇ ಬಿಚ್ಚಿದರು. ಅಂಗಿ, ಟಾರ್ಚು, ಅತ್ತರು ಎಲ್ಲದಕ್ಕೂ ಜನ ಸಿಕ್ಕರು. ತಳದಲ್ಲಿ ಈ ಹಿತ್ತಾಳೆ ಉಳಿಯಿತು. ಹಾಗಾದರೆ ಇದು ಹೆಂಡತಿಗೇ ಎಂದು ಹಿರಿಯರು ತೀರ್ಮಾನಿಸಿದರು.

ಮೊನ್ನೆ ಉಮ್ಮ ಜೈನಬಮ್ಮ ಹುಣಸೆಹಣ್ಣು ಹಾಕಿ ಅದನ್ನು ಉಜ್ಜುತ್ತಿದ್ದಾಗ ಮುಹ್ಸಿನಾ ಮೊಬೈಲ್ ಹಿಡಿದಳು. 'ಇದು ಎಂತ ಅಂತ ಯಾರಿಗಾದ್ರೂ ಗೊತ್ತುಂಟಾ?' ಎಂದು ಬರೆದು ರೀಲ್ ಹಾಕಿದಳು. ಅಷ್ಟೇ ಸಾಕಾಯಿತು. ಮಾಡಲು ಕೆಲಸವಿಲ್ಲದ ಜಗತ್ತೆಲ್ಲ ಮೈಮೇಲೆ ಬಿತ್ತು. ಒಬ್ಬನಿಗೆ ಅದು ಉಪಗ್ರಹದ ತುಂಡು, ಇನ್ನೊಬ್ಬನಿಗೆ ಯಾವುದೋ ಸುಲ್ತಾನನ ಖಜಾನೆಯ ಬೀಗ. ಅನ್ಯಗ್ರಹದವರ ಹೆಸರೆತ್ತಿದವರಿಗೆ ಲೈಕು ಜಾಸ್ತಿ. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯದೆ ಮುಹ್ಸಿನಾ ಓದುತ್ತಾ ಕೂತಳು. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ವಿಡಿಯೋದ ಮೇಲೆ ಕೆಂಪು ವೃತ್ತ ಎಳೆದು, 'ಈ ಮನೆಯಲ್ಲಿ ಬಾಂಬಿನ ಭಾಗ?' ಎಂದು ಹಂಚಿದ.

ಶಾರ್ಜಾದಿಂದ ಅಣ್ಣ ರವೂಫ್ ಫೋನ್ ಮಾಡಿದ. "ಎಂತ ಮಾಡಿ ಹಾಕಿದ್ದು ನೀನು? ಈಗಲೇ ಡಿಲೀಟ್ ಮಾಡು."

ಮುಹ್ಸಿನಾ ಹೆದರಿ ಡಿಲೀಟ್ ಬಟನ್ ಹುಡುಕಿದಳು. ಅವಳು ಒತ್ತುವಷ್ಟರಲ್ಲಿ ಉಮ್ಮ ಮೊಬೈಲಿನ ಮೇಲೆ ಕೈ ಇಟ್ಟರು.

"ಪೊಲೀಸರು ಬರ್ಲಿ, ಚಾ ಕೊಡುವ. ನಿನ್ನ ಬಾಪ ನನಗೆ ಕಡೆಗೆ ಕಳಿಸಿದ್ದು ಎಂತ ಅಂತ ನನಗೆ ಗೊತ್ತಾಗ್ಬೇಕು."

ಪೊಲೀಸರು ಬರಲಿಲ್ಲ. ಆಲೆಟ್ಟಿಯಿಂದ ಭವಿತಾ ಎಂಬವಳ ಮೆಸೇಜು ಬಂತು, ತನ್ನ ಮಾವನಿಗೆ ಆ ವಸ್ತು ಗೊತ್ತುಂಟು ಎಂದು. ಮರುದಿನ ಅವಳ ಸ್ಕೂಟರಿನ ಹಿಂದೆ ಕೂತು ಅವಳ ಮಾವ ದೇರಣ್ಣನೇ ಬಂದರು. ದಮಾಮಿನಲ್ಲಿ ಇದಿನಬ್ಬರ ಕೋಣೆಯಲ್ಲೇ ಇದ್ದವರಂತೆ. ಆ ಪೆಟ್ಟಿಗೆ ಕಟ್ಟಿ ಕಂಪೆನಿಯವರಿಗೆ ಒಪ್ಪಿಸಿದ್ದೂ ಅವರೇ. ಲೋಕವೆಲ್ಲ ತಿರುಗಿದ ಪ್ರಶ್ನೆಗೆ ಪಕ್ಕದ ತಾಲೂಕಿನಲ್ಲಿ ಉತ್ತರವಿತ್ತು.

ಮುಹ್ಸಿನಾ ವಸ್ತುವನ್ನು ತಂದು ಮುಂದಿಟ್ಟಳು. ವೆಲ್ವೆಟ್ ನೋಡಿದ್ದೇ ದೇರಣ್ಣನ ಮುಖ ಸಣ್ಣದಾಯಿತು. ಅವರು ತಡವರಿಸುವುದನ್ನು ಕಂಡು, ಏನಾದರೂ ಚೆಂದದ ಸುಳ್ಳು ಹೇಳಿಬಿಡಲಿ ಎಂದು ಅವಳಿಗೆ ಅನಿಸಿತು.

"ಹೇಳಿ ದೇರಣ್ಣ," ಎಂದರು ಉಮ್ಮ.

"ಇದು ಯಾವುದೋ ವಾಲ್ವಿನ ತುಂಡು, ಜೈನಬಮ್ಮ. ಗುಜರಿಯದ್ದು. ಕೋಣೆಯ ಬಾಗಿಲು ಗಾಳಿಗೆ ಬಡೀತಿತ್ತು, ಅದಕ್ಕೆ ಅಡ್ಡ ಇಡ್ತಿದ್ದದ್ದು. ಅವತ್ತು ನನಗೆ ತಲೆಯೇ ಓಡ್ಲಿಲ್ಲ. ಅವರ ಮಂಚದ ಹತ್ತಿರ ಇದ್ದದ್ದನ್ನೆಲ್ಲ ತುಂಬಿಸಿಬಿಟ್ಟೆ. ನಿಮಗೆ ಅಂತ ಅವರು ಇಟ್ಟದ್ದಲ್ಲ."

ಹಿತ್ತಾಳೆಯ ಮೇಲಿದ್ದ ಕೈಯನ್ನು ಉಮ್ಮ ಮೆಲ್ಲಗೆ ತೆಗೆದರು. ರೀಲ್ ಹಾಕಿದ ತನ್ನ ಮೇಲೆಯೇ ಮುಹ್ಸಿನಾಗೆ ಸಿಟ್ಟು ಬಂತು.

"ಬಾಗಿಲ ಹತ್ತಿರವಾ ಅವರ ಮಂಚ ಇದ್ದದ್ದು?" ಉಮ್ಮ ಕೇಳಿದರು.

"ಹೌದು."

"ಅಲ್ಲಿಂದ ಹೊರಗೆ ಎಂತ ಕಾಣ್ತಿತ್ತು?"

ದೇರಣ್ಣ ಯೋಚಿಸಿದರು. "ಒಂದು ಗೋಡೆ. ಗೋಡೆ ಮೇಲೆ ಒಂದು ಬೆಕ್ಕು ಬರ್ತಿತ್ತು. ಅವರು ಅದಕ್ಕೆ ದಿನಾ ಮೀನು ಹಾಕ್ತಿದ್ರು."

"ಬೆಕ್ಕಿಗಾ? ಇಲ್ಲಿ ಬೆಕ್ಕು ಕಂಡ್ರೆ ಕೋಲು ಹುಡುಕ್ತಿದ್ರು ಮಾರಾಯ್ರೆ."

ಉಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಂದೆಯೆಂದರೆ ಮುಹ್ಸಿನಾಗೆ ಇಷ್ಟು ದಿನ ಒಂದು ಪಾಸ್‌ಪೋರ್ಟ್ ಫೋಟೋ ಮಾತ್ರ. ಅವಳೂ ನೆಲದ ಮೇಲೆ ಕೂತಳು.

"ಆ ಬೆಕ್ಕಿಗೆ ಬಾಪ ಎಂತ ಹೆಸರಿಟ್ಟಿದ್ರು?" ಎಂದು ಕೇಳಿದಳು.