ಒಂದೇ ಕೈಯ ಎಮ್ಮೆ

ಮಸಗುಪ್ಪಿಯಲ್ಲಿ ಯೇಸುಸ್ವಾಮಿಯನ್ನು ಎಲ್ಲರಿಗಿಂತ ಮೊದಲು ನಂಬಿದವಳು ಉದ್ದವ್ವ. ನಂಬಿದವರಲ್ಲಿ ದೀಕ್ಷಾಸ್ನಾನ ಆಗದೆ ಉಳಿದವಳೂ ಅವಳೊಬ್ಬಳೇ. ಇದನ್ನು ಕೇಳಿದವರು ಗಂಡನೋ ಅತ್ತೆಯೋ ಅಡ್ಡ ಬಂದಿರಬೇಕು ಎಂದುಕೊಳ್ಳುತ್ತಾರೆ. ಯಾರೂ ಬರಲಿಲ್ಲ. ಬಂದಿದ್ದರೆ ಉದ್ದವ್ವ ಅವರನ್ನು ದಾಟಿಕೊಂಡೇ ಹೋಗುತ್ತಿದ್ದಳು. ಅವಳ ಬಾಯಿಗೆ ಊರ ಗೌಡನೇ ಹೆದರುತ್ತಿದ್ದ. ಸಿಂಹದ ಗವಿಗೆ ಎಸೆದರೂ ಬದುಕಿ ಉಳಿದ ಬೈಬಲ್ಲಿನ ಭಕ್ತನ ಕಥೆ ಕೇಳಿದಾಗಿನಿಂದ ಅವಳು ಸಿಂಹಕ್ಕೆ ಸಿದ್ಧಳಾಗಿಯೇ ಇದ್ದಳು. ಬಂದದ್ದು ಎಮ್ಮೆ.

ಅವಳ ನಂಬಿಕೆ ಬಾಯಿಮಾತಿನದಲ್ಲ. ಹಾಲುಗಲ್ಲದ ಮಗಳು ಜ್ವರದಲ್ಲಿ ತೀರಿಕೊಂಡಾಗ ಗೋಕಾಕದ ಪಾದ್ರಿ ಅಪ್ಪಣ್ಣನವರು ಬಂದು, ಏನೂ ಬೋಧಿಸದೆ, ಅಂಗಳದಲ್ಲಿ ಕೂತು ಅವಳ ಜೊತೆ ಅತ್ತಿದ್ದರು. ಏಳುವಾಗ ಹೇಳಿದ್ದು ಒಂದೇ ಮಾತು: "ಕೂಸು ಆತನ ಮಡಿಲಾಗ ಐತವ್ವಾ." ಉದ್ದವ್ವ ಆ ಮಾತನ್ನು ಹಿಡಿದುಕೊಂಡು ಬದುಕಿದಳು. ಆತನ ಮನೆಯವಳಾಗಬೇಕು, ಮಗಳನ್ನು ಮತ್ತೆ ನೋಡಬೇಕು, ಅಷ್ಟೇ ಅವಳ ಆಸೆ. ಕುರಿ ಕಾಯುವ ಗಂಡ ಸತ್ತೆಪ್ಪನಿಗೂ, ಮೈದುನನ ಹೆಂಡತಿ ಯಲ್ಲಕ್ಕನಿಗೂ ಅವಳೇ ಹೇಳಿ ಹೇಳಿ ನಂಬಿಸಿದಳು. ಅವರಿಗೆಲ್ಲ ದೀಕ್ಷಾಸ್ನಾನವಾದ ದಿನ ಉದ್ದವ್ವ ಹಾಲು ಹಿಂಡುತ್ತಿದ್ದಳು.

ಪಾದ್ರಿಗಳು ಚಕ್ಕಡಿಯಲ್ಲಿ ಬಂದು, ಇಳಿಹೊತ್ತಿಗೆ ಊರ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿ, ಕತ್ತಲಾಗುವ ಮೊದಲು ಹೊರಟುಬಿಡುತ್ತಿದ್ದರು. ಹಾಲು ಹಿಂಡುವ ಹೊತ್ತೂ ಅದೇ. ಆ ಹಾಲು ಹೋಗಬೇಕಾದದ್ದು ಜೈನರ ಜಿನ್ನವ್ವನ ಮನೆಗೆ, ಅವರಿಗೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಉದ್ದವ್ವ ಕ್ರೈಸ್ತರ ಕಡೆ ಹೋದಳೆಂದು ಜಿನ್ನವ್ವ ತಕರಾರು ತೆಗೆದವಳಲ್ಲ. "ದೇವರು ಯಾವನರ ಇರ್ಲಿ, ಹಾಲಿಗೆ ನೀರು ಕೂಡಿಸಬ್ಯಾಡ" ಎಂದಿದ್ದಳು, ಅಷ್ಟೆ.

ಬೇರೆಯವರು ಹಿಂಡಬಾರದೇ ಎಂದರೆ, ಆ ಎಮ್ಮೆ ಉದ್ದವ್ವನ ಕೈ ಬಿಟ್ಟರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಹಾಗೆ ಕಲಿಸಿದವಳು ಅವಳೇ. ಅದು ಕರುವಾಗಿದ್ದಾಗಿನಿಂದ ಒಬ್ಬರಿಗೂ ಅದನ್ನು ಮುಟ್ಟಗೊಟ್ಟವಳಲ್ಲ. "ನನ್ನ ಬಿಟ್ರ ಯಾರಿಗೂ ಕೊಡೂದಿಲ್ಲ" ಎಂದು ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ತಿರುಗುವಳು. ರೊಟ್ಟಿಯ ಕಥೆಯೂ ಅದೇ, ಬೆಣ್ಣೆ ಕಾಸುವುದೂ ಅದೇ. ಎಲ್ಲದಕ್ಕೂ ಉದ್ದವ್ವನೇ ಬೇಕು. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ, ಈ ದಿನದ ಊಟ ಕೊಡು ಎಂದು ಬೇಡುವ ಮಾತು ಬಂದೊಡನೆ ಹೆಂಚಿನ ಮೇಲಿನ ರೊಟ್ಟಿ ನೆನಪಾಗಿ ಕಣ್ಣು ತೆರೆಯುವಳು. ಒಂದು ಪ್ರಾರ್ಥನೆಯನ್ನೂ ಕೊನೆ ಮುಟ್ಟಿಸಿದವಳಲ್ಲ. ಪಾದ್ರಿಗಳು ಕರೆಕಳಿಸಿದಾಗಲೆಲ್ಲ ಒಂದೇ ಉತ್ತರ: "ಇದೊಂದು ಹಿಂಡಿ ಬಂದ್ನಿ ಅಂತ ಹೇಳ್ರಿ." ಹಿಂಡಿ ಬರುವಷ್ಟರಲ್ಲಿ ಚಕ್ಕಡಿ ಎಬ್ಬಿಸಿದ ಧೂಳು ಮಾತ್ರ ಇರುತ್ತಿತ್ತು. ಆ ಧೂಳು ನೋಡುತ್ತ ಅವಳು ಅತ್ತದ್ದೂ ಉಂಟು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಪಾದ್ರಿಗಳಿಗೆ ದೂರದ ಸೀಮೆಗೆ ಬದಲಿಯಾಯಿತು. ಬದಲಿಗೆ ಯಾರು ಬರುತ್ತಾರೆ, ಬರುತ್ತಾರೋ ಇಲ್ಲವೋ, ಯಾರಿಗೂ ತಿಳಿಯದು. ಕೊನೆಯ ಸಲ ಮಸಗುಪ್ಪಿಗೆ ಬಂದವರು ಉದ್ದವ್ವನ ಸಲುವಾಗಿಯೇ ಬಂದಿದ್ದರು.

ಅಂದು ಯಲ್ಲಕ್ಕ ಒಂದು ಉಪಾಯ ಹೂಡಿದಳು. "ಅಕ್ಕಾ, ನೀ ಉಟ್ಟು ಬಿಟ್ಟ ಸೀರಿ ಕೊಡು. ಅದನ್ನ ಉಟ್ಕೊಂಡು, ಸೆರಗು ಹೊತ್ಕೊಂಡು ಕುಂದರ್ತೀನಿ. ಎಮ್ಮಿಗೆ ನಿನ್ನ ವಾಸನಿ ಅಷ್ಟ ಗೊತ್ತು."

"ಅದು ಭಾಳ ಶಾಣ್ಯಾ ಐತಿ. ಮೋಸ ಹೋಗೂದಿಲ್ಲ."

"ಹೋಗಲಿಲ್ಲಂದ್ರ ಇವತ್ತೊಂದಿನ ಜಿನ್ನವ್ವಕ್ಕ ಹಾಲಿಲ್ದ ಉಣ್ಲಿ. ಎಲ್ಲಾರೂ ನಿನ್ನ ದಾರಿ ನೋಡಾಕತ್ತಾರ, ನೀ ನಡಿ."

ಉದ್ದವ್ವ ಒಗೆದ ಸೀರೆ ಉಟ್ಟು ಹೊರಟಳು. ಹೊಸ್ತಿಲು ದಾಟಿದವಳು ಹಾಗೇ ಹೋಗಬೇಕಿತ್ತು. ಎಮ್ಮೆ ಏನು ಮಾಡುತ್ತದೋ ನೋಡಿಯೇ ಹೋಗೋಣ ಎಂದು ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತಳು.

ಯಲ್ಲಕ್ಕ ಕರು ಬಿಟ್ಟು, ಎಳೆದು ಕಟ್ಟಿ, ಚರಿಗೆ ಹಿಡಿದು ಕೂತಳು. ಎಮ್ಮೆ ಒಮ್ಮೆ ಮೂಸಿತು, ಮೇವಿಗೆ ಬಾಯಿ ಹಾಕಿತು. ಹಾಲು ಚರಿಗೆಗೆ ಸರಸರ ಇಳಿಯತೊಡಗಿತು. ಉದ್ದವ್ವ ಮರೆಯಿಂದ ಕತ್ತು ಚಾಚಿ ನೋಡಿದಳು. ಇಷ್ಟು ವರ್ಷ ಸಾಕಿದ್ದಕ್ಕೆ ಒಂದು ಹಳೆಯ ಸೀರೆ ಸಾಕಾಯಿತೇ ಇದಕ್ಕೆ? ನೆಮ್ಮದಿಯಾಗಬೇಕಿದ್ದ ಜೀವಕ್ಕೆ ಅಳು ಬಂತು. ತಾನಿಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

ಯಲ್ಲಕ್ಕ ತುಂಬಿದ ಚರಿಗೆ ಎತ್ತಿಕೊಂಡು ಎದ್ದಳು. ಉದ್ದವ್ವ ಒಳಗೆ ನುಗ್ಗಿದಳು.

"ನೀ ಬರೋಬ್ಬರಿ ಹಿಂಡಿಲ್ಲ. ಕೆಚ್ಚಲದಾಗ ಹಾಲು ಹಂಗ ಉಳದೈತಿ. ಸರಿ ಬಾಜೂಕ."

"ಅಕ್ಕಾ, ಮುಗದೈತಿ. ನಡೀಯಕ್ಕಾ, ಕೈಮುಗೀತೀನಿ."

ಉದ್ದವ್ವ ಕೇಳಲಿಲ್ಲ. ಬೇರೊಂದು ಚರಿಗೆ ಎಳೆದುಕೊಂಡು ಕೂತು ಹಿಂಡತೊಡಗಿದಳು. ಒಂದು ಹನಿ ಬರಲಿಲ್ಲ. ಮತ್ತೆ ಎಳೆದಳು. ಎಮ್ಮೆ ಕಾಲು ಝಾಡಿಸಿತು.

ಕಟ್ಟೆಯ ಮೇಲೆ ಕಾದು ಕಾದು ಪಾದ್ರಿಗಳೇ ಕೊಟ್ಟಿಗೆಯ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ದೀಕ್ಷಾಸ್ನಾನದ ನೀರಿನ ಬಟ್ಟಲಿತ್ತು.

"ಉದ್ದವ್ವಾ, ನೀ ಅಲ್ಲೀತನಕಾ ಬರೂದು ಬ್ಯಾಡ. ನೀರು ನಾನ ತಂದೇನಿ. ಒಂದೀಟು ಎದ್ದು ನಿಲ್ಲವ್ವಾ, ಸಾಕು."

ಎದ್ದು ನಿಂತರೆ ಆಯಿತು. ಉದ್ದವ್ವನಿಗೂ ಅದು ಗೊತ್ತಿತ್ತು. ಏಳು ಎಂದು ಅವಳ ಜೀವ ಒಳಗೇ ಕೂಗಿಕೊಳ್ಳುತ್ತಿತ್ತು. ಕೈ ಮಾತ್ರ ಮೊಲೆ ಬಿಡಲಿಲ್ಲ.

"ಹೆಂಗ ಏಳಲ್ರಿ ಅಯ್ಯನೋರ? ನನ್ನ ಬಿಟ್ರ ಇದು ಯಾರಿಗೂ ಕೊಡೂದಿಲ್ರಿ."

ಪಾದ್ರಿಗಳು ಯಲ್ಲಕ್ಕನ ಕಡೆ ನೋಡಿದರು. ಅವಳು ಉದ್ದವ್ವನ ಸೀರೆಯುಟ್ಟು, ನೊರೆ ತುಂಬಿದ ಚರಿಗೆ ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಹೊರಗೆ ಹೊತ್ತು ಇಳಿಯುತ್ತಿತ್ತು, ಚಕ್ಕಡಿಯವನು ಎರಡು ಸಲ ಕೂಗಿದ. ಪಾದ್ರಿಗಳು ಅವನಿಗೆ ತಾಳು ಎಂದು ಕೈ ಮಾಡಿ, ಬಟ್ಟಲು ಹಿಡಿದುಕೊಂಡೇ ನಿಂತರು.

"ಇದೊಂದು ಹಿಂಡಿ ಎದ್ನಿರಿ," ಎಂದಳು ಉದ್ದವ್ವ, ಬತ್ತಿದ ಕೆಚ್ಚಲಿಗೆ ಕೈ ಹಾಕುತ್ತ.